ನಿವೃತ್ತಿಗೆ ಹತ್ತು ತಿಂಗಳಿದ್ದಾಗ ಬಂದ ಸ್ಟಾರ್: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ನಗರ ಪೊಲೀಸ್ ಘಟಕಗಳಲ್ಲಿ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳ ಬಡ್ತಿ ಹಾಗೂ ಹೊಣೆಗಾರಿಕೆ ಕುರಿತು.

ಮಾನ್ಯರೇ,

2025ರ ಅಕ್ಟೋಬರ್‌ನಲ್ಲಿ ರಾಜ್ಯದ ಕಾನ್‌ಸ್ಟೆಬಲ್‌ಗಳಿಗೆ ಹೊಸ ಟೋಪಿ ಬಂತು. ಒಂದು ಕಡೆ ಮಡಚಿದ ಆ ಹಳೇ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದೆ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಖುಷಿಯಾಯಿತು. ಆ ಹಳೇ ಟೋಪಿಯನ್ನು ನಾನು 35 ವರ್ಷ ಹಾಕಿದ್ದೇನೆ. ಮಳೆಯಲ್ಲಿ ನೆಂದರೆ ಭಾರ, ಬಿಸಿಲಿಗೆ ಹಣೆ ಸುತ್ತ ಬರೆ. ಪೀಕ್ ಕ್ಯಾಪ್ ಹಾಕುವ ಭಾಗ್ಯ ನನಗೆ ಸಿಕ್ಕಿದ್ದು ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆದ ಮೇಲೆ, ಅದೂ ಹತ್ತೇ ತಿಂಗಳು. 2024ರ ಮಾರ್ಚ್‌ನಲ್ಲಿ ಬಡ್ತಿ ಆದೇಶ ಬಂತು. 2025ರ ಜನವರಿ 31ಕ್ಕೆ ನಿವೃತ್ತನಾದೆ.

ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯುವಂತಿರಲಿಲ್ಲ. ನಡತೆ ನಿಯಮ ಒಂದು ಕಡೆ. ಇನ್ನೊಂದು ಕಡೆ, ಮಿಕ್ಕ ಸರ್ಕಾರಿ ನೌಕರರ ಹಾಗೆ ಸಂಘ ಕಟ್ಟಿಕೊಳ್ಳೋಣ ಅಂದರೆ ಪೊಲೀಸರ ಕೈ ಕಟ್ಟುವ 1966ರ ಕಾಯ್ದೆ ಇದೆ. ಆ ಎರಡಕ್ಕೂ ನನ್ನ ತಕರಾರಿಲ್ಲ, ಶಿಸ್ತಿನ ಇಲಾಖೆಗೆ ಅದರದ್ದೇ ಕಾರಣಗಳಿರುತ್ತವೆ. ಆದರೆ ಮಾತಾಡುವ ಸ್ವಾತಂತ್ರ್ಯ ಇರುವವನು ನಿವೃತ್ತನೊಬ್ಬನೇ ಆದಾಗ ಅವನೂ ಬಾಯಿ ಮುಚ್ಚಿಕೊಂಡರೆ ಸರಿಯಲ್ಲ ಅನ್ನಿಸಿತು. ಹೆಸರು ಹಾಕಿಲ್ಲ. ನನಗೆ ಭಯ ಅಂತಲ್ಲ. ನನ್ನ ಹೆಸರು ಗೊತ್ತಾದರೆ ಠಾಣೆ ಯಾವುದು, ಜೊತೆಗಿದ್ದವರು ಯಾರು ಅಂತ ಒಂದೇ ಫೋನ್ ಕರೆಯಲ್ಲಿ ಗೊತ್ತಾಗುತ್ತದೆ. ಅವರೆಲ್ಲ ಇನ್ನೂ ಡ್ಯೂಟಿಯಲ್ಲಿದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಅಂತ ಪೊಲೀಸ್ ಕಮಿಷನರ್ ಕೈಕೆಳಗಿನ ಆರು ನಗರ ಘಟಕಗಳು, ಅಂದರೆ ಕಮಿಷನರೇಟ್‌ಗಳಿವೆ. ಅವುಗಳಲ್ಲಿ ಒಂದರಲ್ಲಿ ನಾನಿದ್ದೆ ಅಂತ ತಿಳಿದರೆ ಸಾಕು.

ಬಡ್ತಿ ಆದೇಶ ಬಂದ ದಿನ ನನ್ನ ಹೆಂಡತಿ ಯೂನಿಫಾರ್ಮ್ ಅಂಗಿಯ ತೋಳಿನಿಂದ ಹೆಡ್ ಕಾನ್‌ಸ್ಟೆಬಲ್ ಪಟ್ಟಿಗಳನ್ನು ಬ್ಲೇಡ್ ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದಳು. ಪಟ್ಟಿ ಕಿತ್ತು ಬಂತು, ಗುರುತು ಹೋಗಲಿಲ್ಲ. ಸುತ್ತ ಖಾಕಿ ಮಾಸಿತ್ತು. ಪಟ್ಟಿ ಇದ್ದ ಜಾಗ ಮಾತ್ರ ಅಂಗಡಿಯಿಂದ ಈಗ ತಂದ ಬಟ್ಟೆಯ ಹಾಗೆ ಗಾಢವಾಗಿ, ಮೂರು ಗೆರೆಯಾಗಿ ಎದ್ದು ಕಾಣುತ್ತಿತ್ತು. ಹೊಸ ಅಂಗಿ ಹೊಲಿಸಿ ಅಂದಳು. ಹತ್ತು ತಿಂಗಳಿಗೆ ಯಾಕೆ ದಂಡ ಅಂತ ಅದನ್ನೇ ಹಾಕಿಕೊಂಡು ಹೋದೆ. ಹೆಗಲ ಮೇಲೆ ಒಂದು ಸ್ಟಾರು, ಕೆಂಪು-ನೀಲಿ ರಿಬ್ಬನ್ನು. ತೋಳಿನ ಮೇಲೆ ನೆರಳಿನ ಹಾಗೆ ಹಳೇ ಹೆಡ್ ಕಾನ್‌ಸ್ಟೆಬಲ್. ಠಾಣೆಯ ಹುಡುಗರು ನೋಡಿ ನಕ್ಕರು. ನಾನೂ ನಕ್ಕೆ.

ತಡವಾಯಿತು ಅಂತ ಅಳುವುದಕ್ಕೆ ಈ ಪತ್ರವಲ್ಲ. ನನ್ನ ದುಡ್ಡು ನನಗೆ ಸಿಕ್ಕಿದೆ, ಪಿಂಚಣಿ ಬರುತ್ತಿದೆ. ನನ್ನ ದೂರು ಬೇರೆ. ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ಕಸುವು ಇದ್ದದ್ದು ನನ್ನ 35ರಿಂದ 50ರ ವಯಸ್ಸಿನಲ್ಲಿ. ಆಗ ಕೊಡಲಿಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಕಾಲಕ್ಕೆ ಕೊಟ್ಟಿರಿ. ಇದರಿಂದ ಇಲಾಖೆಗೆ ಏನು ಬಂತು? ಬೀಳ್ಕೊಡುಗೆಗೆ ಶಾಲು, ಹಾರ ಕೊಡ್ತಾರಲ್ಲ, ಅದರ ಜೊತೆಗೆ ಇದೂ ಒಂದು.

ನಮ್ಮಂಥವರು ಠಾಣೆ ನಡೆಸಬಲ್ಲರಾ ಅಂತ ತಮಗೆ ಅನುಮಾನ ಬಂದರೆ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಹೆಡ್ ಕಾನ್‌ಸ್ಟೆಬಲ್ ಆಗಿ ಮೂರನೇ ವರ್ಷ. ಇನ್‌ಸ್ಪೆಕ್ಟರ್ ಸಾಹೇಬರು ವಿಐಪಿ ಬಂದೋಬಸ್ತಿಗೆ ಊರಿನ ಇನ್ನೊಂದು ತುದಿಗೆ ಹೋಗಿದ್ದರು. ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ನೈಟ್ ರೌಂಡ್ಸ್‌ನಲ್ಲಿದ್ದರು. ಠಾಣೆಯಲ್ಲಿ ನಾನು, ಸೆಂಟ್ರಿ, ವೈರ್‌ಲೆಸ್ ಹುಡುಗ, ಒಬ್ಬಳು ಮಹಿಳಾ ಕಾನ್‌ಸ್ಟೆಬಲ್. ರಾತ್ರಿ ಒಂದೂವರೆಗೆ ಲಾರಿ ಡ್ರೈವರ್ ಒಬ್ಬ ಓಡಿ ಬಂದು ಬೆಂಚಿನ ಕೆಳಗೆ ಕೂತ. ಮಾತೇ ಹೊರಡುತ್ತಿಲ್ಲ. ಹಿಂದೆಯೇ ಜನ ಬಂದರು. ಐವತ್ತೋ ಅರವತ್ತೋ ಇರಬಹುದು. ಬೈಕಿನಲ್ಲಿ ಹೋಗುತ್ತಿದ್ದ ಹುಡುಗನಿಗೆ ಲಾರಿ ಹೊಡೆದಿದೆ, ಹುಡುಗ ಸ್ಥಳದಲ್ಲೇ ಹೋಗಿದ್ದಾನೆ. ‘ಡ್ರೈವರನ್ನ ಆಚೆ ಕಳಿಸಿ’ ಅನ್ನುವ ಕೂಗು. ಗೇಟಿನ ಹತ್ತಿರ ಒಂದು ಕಲ್ಲು ಬಿತ್ತು.

ಡ್ರೈವರನ್ನು ರೈಟರ್ ರೂಮಿಗೆ ತಳ್ಳಿ ಬೀಗ ಹಾಕಿಸಿದೆ. ಲಾಠಿ ಗೋಡೆಗೆ ಒರಗಿಸಿ ನಾನೊಬ್ಬನೇ ಮೆಟ್ಟಿಲ ಮೇಲೆ ನಿಂತೆ. ಎಲ್ಲರಿಗಿಂತ ಕಡಿಮೆ ಕೂಗುತ್ತಿದ್ದವನು ಯಾರು ಅಂತ ನೋಡಿದೆ. ಸತ್ತ ಹುಡುಗನ ಸೋದರಮಾವ ಅವನು. ಮನೆಯವನು ಅವನೇ, ಮಿಕ್ಕವರೆಲ್ಲ ಬೀದಿಯವರು. ‘ಅಣ್ಣ, ನೀವು ಹೇಳಿ, ನಾನು ಬರೀತೀನಿ’ ಅಂದೆ. ಟೇಬಲನ್ನೇ ಎತ್ತಿಸಿ ವರಾಂಡಕ್ಕೆ ತಂದು ಎಲ್ಲರೆದುರಿಗೆ ದೂರು ಬರೆದೆ. ಒಂದೊಂದು ಸಾಲು ಬರೆದು ಗಟ್ಟಿಯಾಗಿ ಓದಿದೆ. ಹುಡುಗನ ವಯಸ್ಸು ಕೇಳಿದಾಗ ಮಾವ ಅತ್ತುಬಿಟ್ಟ. ಅಲ್ಲಿಗೆ ಕೂಗು ನಿಂತಿತು. ಪಿಎಸ್‌ಐ ಸಾಹೇಬರ ಜೀಪು ಬರುವಷ್ಟರಲ್ಲಿ ಅರ್ಧ ಜನ ಆಸ್ಪತ್ರೆಯ ಶವಾಗಾರದ ಕಡೆ ಹೋಗಿದ್ದರು.

ಠಾಣಾ ದಿನಚರಿ ಬರೆದು ಮುಗಿಸಿದಾಗ ಬೆಳಗಿನ ಐದೂವರೆ. ಮನೆಗೆ ಹೋಗಿ ಮುಖ ತೊಳೆದು ಬರುವಾಗ ರೋಲ್ ಕಾಲ್‌ಗೆ ಹದಿನೈದು ನಿಮಿಷ ತಡವಾಯಿತು. ಮೆಮೋ ಕೊಟ್ಟರು. ಉತ್ತರ ಬರೆದೆ. ಅದು ಹಾಗೇ ಮುಗಿಯಿತು ಅನ್ನಿ. ರಾತ್ರಿಯ ಘಟನೆ ಬಗ್ಗೆ ಮೇಲೆ ಹೋದ ವರದಿಯಲ್ಲಿ ‘ಅಧಿಕಾರಿ ಮತ್ತು ಸಿಬ್ಬಂದಿ ಪರಿಸ್ಥಿತಿಯನ್ನು ಹತೋಟಿಗೆ ತಂದರು’ ಅಂತಿತ್ತು. ಆ ‘ಸಿಬ್ಬಂದಿ’ ನಾನು. ‘ಅಧಿಕಾರಿ’ ಜೀಪಿನಲ್ಲಿದ್ದರು.

ಇಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಠಾಣಾಧಿಕಾರಿ ಇಲ್ಲದಿದ್ದಾಗ ಠಾಣೆಯಲ್ಲಿ ಹಾಜರಿರುವ, ಅವರ ನಂತರದ ದರ್ಜೆಯ, ಕಾನ್‌ಸ್ಟೆಬಲ್‌ಗಿಂತ ಮೇಲಿನವನೇ ಠಾಣಾಧಿಕಾರಿ ಅಂತ ಕಾನೂನೇ ಹೇಳುತ್ತದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲೂ ಇತ್ತು, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲೂ ಇದೆ. ಅಂದರೆ ಕಾನೂನಿನ ಕಣ್ಣಿಗೆ ರಾತ್ರಿ ಒಂದೂವರೆಗೆ ನಾನು ಠಾಣೆಯ ಮುಖ್ಯಸ್ಥ. ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತು ನಂಬರ್ ಹೇಳುವವನು. ಕಾನೂನು ನಮ್ಮನ್ನು ನಂಬುತ್ತದೆ, ಇಲಾಖೆ ನಂಬುವುದಿಲ್ಲ. ಆ ಜವಾಬ್ದಾರಿಗೆ ತರಬೇತಿ ಅಂತ ನನಗೆ ಯಾರೂ ಒಂದು ದಿನ ಕೂರಿಸಿ ಹೇಳಿಕೊಟ್ಟಿಲ್ಲ. ಹೆಡ್ ಕಾನ್‌ಸ್ಟೆಬಲ್ ಬಡ್ತಿಗೆ ಮುಂಚೆ ಕಳಿಸಿದ ತರಬೇತಿಯಲ್ಲಿ ಪರೇಡೇ ಜಾಸ್ತಿ. ಜನರ ಗುಂಪಿಗೆ ಹೇಗೆ ಮಾತಾಡಬೇಕು, ಕೈಕೆಳಗಿನ ಹುಡುಗ ಕುಡಿದು ಬಂದರೆ ಏನು ಮಾಡಬೇಕು, ತಪ್ಪು ಆದೇಶ ಬಂದರೆ ಹೇಗೆ ಬರಹದಲ್ಲಿ ಕೇಳಬೇಕು, ಇದೆಲ್ಲ ನಾನು ಕಲಿತದ್ದು ಹಳೇ ದಫೇದಾರ್ (ಹೆಡ್ ಕಾನ್‌ಸ್ಟೆಬಲ್) ಒಬ್ಬರಿಂದ, ಟೀ ಅಂಗಡಿ ಮುಂದೆ ನಿಂತುಕೊಂಡು.

ಇನ್ನು ಏಣಿಯ ವಿಷಯ. ಐಪಿಎಸ್ ಆಗಿ ಬಂದವರಿಗೆ ಮುಂದಿನ ದಾರಿ ಸ್ಪಷ್ಟವಾಗಿದೆ. ತಕರಾರಿಲ್ಲದೆ ನಡೆದರೆ 14 ವರ್ಷಕ್ಕೆ ಡಿಐಜಿ, 18ಕ್ಕೆ ಐಜಿಪಿ, 25ಕ್ಕೆ ಎಡಿಜಿಪಿ, 30ಕ್ಕೆ ಡಿಜಿಪಿ ದರ್ಜೆಗೆ ಅರ್ಹರು. ನನಗೆ ಹೊಟ್ಟೆಕಿಚ್ಚಿಲ್ಲ. ಓದಿ, ಕಷ್ಟಪಟ್ಟು ಪಾಸು ಮಾಡಿ ಬಂದವರು. ಆದರೆ ನೋಡಿ, ಅವರಿಗೆ ವರ್ಷದ ಲೆಕ್ಕ. ನಮಗೆ ಯಾರು ನಿವೃತ್ತರಾಗುತ್ತಾರೆ, ಯಾರು ಸಾಯುತ್ತಾರೆ ಅನ್ನುವ ಲೆಕ್ಕ. ಒಬ್ಬ ಕಾನ್‌ಸ್ಟೆಬಲ್ ಸೇರಿದ ದಿನ ‘ನಾನು ಯಾವಾಗ ದಫೇದಾರ್ ಆಗ್ತೀನಿ ಸಾರ್’ ಅಂತ ಕೇಳಿದರೆ ಉತ್ತರ ಕೊಡುವವರು ಇಲಾಖೆಯಲ್ಲಿ ಯಾರೂ ಇಲ್ಲ.

ಅದರಲ್ಲೂ ಕಾನ್‌ಸ್ಟೆಬಲ್‌ಗಳ ಜ್ಯೇಷ್ಠತಾ ಪಟ್ಟಿ ಘಟಕವಾರು. ಜಿಲ್ಲೆಗೊಂದು, ಕಮಿಷನರೇಟಿಗೊಂದು. ಒಂದೇ ವರ್ಷ ಸೇರಿ, ಒಂದೇ ಮೈದಾನದಲ್ಲಿ ಬೆವರು ಸುರಿಸಿದ ಇಬ್ಬರಲ್ಲಿ ಒಬ್ಬನ ಜಿಲ್ಲೆಯಲ್ಲಿ ಹುದ್ದೆ ಖಾಲಿಯಾದರೆ ಅವನು ಮೇಲೆ ಹೋಗುತ್ತಾನೆ. ಇನ್ನೊಬ್ಬ ಕಾಯುತ್ತಾನೆ. ನಾನು 1988ರಲ್ಲಿ ಒಂದು ಜಿಲ್ಲೆಯಲ್ಲಿ ಸೇರಿದವನು. ಎಂಟು ವರ್ಷ ಆದ ಮೇಲೆ ಅಮ್ಮನಿಗೆ ಕಾಯಿಲೆ ಬಂತು. ಚಿಕಿತ್ಸೆ ಇದ್ದದ್ದು ನಗರದಲ್ಲಿ. ಅಂತರ ಜಿಲ್ಲಾ ವರ್ಗಾವಣೆ ಕೇಳಿ 1996ರಲ್ಲಿ ಬಂದೆ. ಬಂದವನು ಹೊಸ ಘಟಕದ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ. ಎಂಟು ವರ್ಷದ ಸೇವೆ ಸಂಬಳಕ್ಕೆ ಲೆಕ್ಕ, ಪಿಂಚಣಿಗೆ ಲೆಕ್ಕ, ಬಡ್ತಿಯ ಸಾಲಿಗೆ ಮಾತ್ರ ಇಲ್ಲ. ಹೆಡ್ ಕಾನ್‌ಸ್ಟೆಬಲ್ ಆಗುವಾಗ 2009. ಜಿಲ್ಲೆಯಲ್ಲೇ ಉಳಿದ ನನ್ನ ಬ್ಯಾಚಿನವನು 2001ರಲ್ಲೇ ಆಗಿದ್ದ, ಪಿಎಸ್‌ಐ ಆಗಿ ನಿವೃತ್ತನಾದ. ಅವನು ನನಗಿಂತ ಒಳ್ಳೆಯ ಪೊಲೀಸ್ ಇರಬಹುದು, ಅದು ಬೇರೆ ಮಾತು. ಆದರೆ ನಮ್ಮಿಬ್ಬರ ನಡುವೆ ವ್ಯತ್ಯಾಸ ಮಾಡಿದ್ದು ಕೆಲಸ ಅಲ್ಲ, ಅಮ್ಮನ ಕಾಯಿಲೆ.

ನಿಯಮ ಗೊತ್ತಿದ್ದೇ ಆ ವರ್ಗಾವಣೆಗೆ ಒಪ್ಪಿ ಸಹಿ ಹಾಕಿದೆ. ಮೋಸ ಆಯಿತು ಅಂತ ಹೇಳುವುದಿಲ್ಲ. ಇಂಥ ಸಹಿಯನ್ನು ಯಾವ ಪರಿಸ್ಥಿತಿಯಲ್ಲಿ ಹಾಕಿಸಿಕೊಳ್ಳುತ್ತೀರಿ ಅನ್ನುವುದೇ ಪ್ರಶ್ನೆ. ಗಂಡ ಒಂದು ಜಿಲ್ಲೆ, ಹೆಂಡತಿ ಒಂದು ಜಿಲ್ಲೆ ಇರುವ ಪೊಲೀಸ್ ದಂಪತಿ ಎಷ್ಟೋ ಮಂದಿ ಇದ್ದಾರೆ. ಮಹಿಳಾ ಸಿಬ್ಬಂದಿಗೆ ಇದರ ಪೆಟ್ಟು ಇನ್ನೂ ಜಾಸ್ತಿ. ಮಗುವಿಗಾಗಿ ಊರು ಬದಲಾಯಿಸಿದ ತಕ್ಷಣ ಅವರು ಸಾಲಿನ ಕೊನೆಗೆ. ಮುಂದೆ ಠಾಣೆಗಳಲ್ಲಿ ಮಹಿಳಾ ಅಧಿಕಾರಿಗಳು ಯಾಕೆ ಕಡಿಮೆ ಅಂತ ಸಭೆಯಲ್ಲಿ ಚರ್ಚೆ ಮಾಡ್ತಾರೆ. ಉತ್ತರ ಈ ಪಟ್ಟಿಯಲ್ಲಿ ಇದೆ.

ಇನ್ನೂ ಒಂದು ನನಗೆ ಅರ್ಥವಾಗದ ವಿಷಯ. ಪೊಲೀಸಿನವನು ಸೇರಿದ ದಿನವೇ ಅವನ ನಿವೃತ್ತಿಯ ದಿನ ಸರ್ವಿಸ್ ರಿಜಿಸ್ಟರಿನಲ್ಲಿ ಬರೆದಿರುತ್ತದೆ. 60 ತುಂಬಿದ ತಿಂಗಳ ಕೊನೆಯ ದಿನ. ಯಾವ ಎಎಸ್‌ಐ ಯಾವಾಗ ಹೋಗುತ್ತಾರೆ ಅಂತ ಕಚೇರಿಯ ಗುಮಾಸ್ತರಿಗೆ ಹತ್ತು ವರ್ಷ ಮುಂಚೆಯೇ ಗೊತ್ತು. ಆದರೂ ಹುದ್ದೆ ಖಾಲಿಯಾದ ಮೇಲೆ ಕಡತ ಏಳುತ್ತದೆ. ಆಮೇಲೆ ಜ್ಯೇಷ್ಠತಾ ಪಟ್ಟಿಗೆ ಆಕ್ಷೇಪಣೆ, ಆಮೇಲೆ ಸೇವಾ ವಿವರ ತರಿಸುವುದು, ಆಮೇಲೆ ಬಡ್ತಿ ಸಮಿತಿ ಸಭೆ. ಸಭೆಗೆ ದಿನ ಗೊತ್ತು ಮಾಡುವಷ್ಟರಲ್ಲಿ ಗಣೇಶ ಹಬ್ಬದ ಬಂದೋಬಸ್ತು, ಅದು ಮುಗಿದರೆ ಚುನಾವಣೆ. ಆ ಹೊತ್ತಿಗೆ ಪಟ್ಟಿಯಲ್ಲಿ ಮೇಲಿದ್ದ ಇಬ್ಬರು ನಿವೃತ್ತರಾಗಿರುತ್ತಾರೆ. ನಾನು ಎಎಸ್‌ಐ ಆದಾಗ ನನಗಿಂತ ಮೇಲಿದ್ದ ಒಬ್ಬರು ಆದೇಶ ಬರುವ ಮೂರು ವಾರ ಮುಂಚೆ ನಿವೃತ್ತರಾಗಿದ್ದರು. ಹಳೇ ಸ್ಟಾರ್ ಒಂದನ್ನು ಯಾರಿಂದಲೋ ಇಸ್ಕೊಂಡು ಮನೆಯಲ್ಲಿ ರೆಡಿ ಇಟ್ಟುಕೊಂಡಿದ್ದರಂತೆ. ಆಮೇಲೆ ಅದನ್ನು ನನಗೇ ಕೊಟ್ಟರು.

ಚಿಕ್ಕ ಶಿಕ್ಷೆಗಳೂ ಇದೇ ದಾರಿಗೆ ಅಡ್ಡ ಮಲಗುತ್ತವೆ. ಇಲಾಖಾ ವಿಚಾರಣೆ ಬಾಕಿ ಇದ್ದರೆ ಬಡ್ತಿಯ ತೀರ್ಮಾನ ಮುಚ್ಚಿದ ಲಕೋಟೆಗೆ ಹೋಗುತ್ತದೆ. ತಪ್ಪು ಮಾಡಿದ್ದರೆ ಹೋಗಲಿ. ಆದರೆ ವಿಚಾರಣೆ ನಡೆಸುವ ಅಧಿಕಾರಿಗೆ ಬಿಡುವಿಲ್ಲದೆ ಎರಡು ಮೂರು ವರ್ಷ ಎಳೆದರೆ, ಕೊನೆಗೆ ‘ಆರೋಪ ಸಾಬೀತಾಗಿಲ್ಲ’ ಅಂತ ಬಂದರೆ, ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಇಷ್ಟು ವರ್ಷ ಕಾದವನಿಗೆ ಹೊರಗಿನಿಂದ ಒಂದು ಬಾಗಿಲಿದೆಯಲ್ಲ ಅಂತ ತಾವು ಕೇಳಬಹುದು. ಪಿಎಸ್‌ಐ ಪರೀಕ್ಷೆ. ಸೇವೆಯಲ್ಲಿರುವವರೂ ಬರೆಯಬಹುದು, ಅವರಿಗೆ ಪ್ರತ್ಯೇಕ ಪಾಲೂ ಇದೆ. ಬಾಗಿಲು ಇದೆ, ನಿಜ. ಅದರ ಕಥೆಯನ್ನು ನಮ್ಮ ಠಾಣೆಯ ಒಬ್ಬ ಹುಡುಗನ ಮೂಲಕ ಹೇಳುತ್ತೇನೆ.

ಬಿಎಸ್‌ಸಿ ಓದಿದವನು, 2018ರಲ್ಲಿ ಕಾನ್‌ಸ್ಟೆಬಲ್ ಆಗಿ ಬಂದ. ಸೆಂಟ್ರಿ ಡ್ಯೂಟಿಯಲ್ಲಿ ನಿಂತು ಜೇಬಿನಲ್ಲಿ ಮಡಚಿದ ನೋಟ್ಸು ಓದುತ್ತಿದ್ದ. ನಾನೇ ಎರಡು ಮೂರು ಸಲ ನೋಡಿಯೂ ನೋಡದ ಹಾಗೆ ಹೋಗಿದ್ದೇನೆ. ಓದುವುದಕ್ಕೆ ಹದಿನೈದು ದಿನ ರಜೆ ಕೇಳಿದ, ನಾಲ್ಕು ದಿನ ಸಿಕ್ಕಿತು. 2021ರ ಅಕ್ಟೋಬರ್ 3ರಂದು 545 ಹುದ್ದೆಗಳ ಪರೀಕ್ಷೆ ಬರೆದ. ಮುಂದಿನದ್ದು ಇಡೀ ರಾಜ್ಯಕ್ಕೆ ಗೊತ್ತು. ಅಕ್ರಮ ಬಯಲಾಯಿತು, ಪರೀಕ್ಷೆ ರದ್ದಾಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ 2022ರ ಜುಲೈನಲ್ಲಿ ಬಂಧನವಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ನಡುವೆ ಎರಡು ವರ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಅವನಿಗೆ ಮದುವೆಯಾಗಿ ಮಗು ಆಗಿತ್ತು. ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ನೇರವಾಗಿ ಹಾಲಿಗೆ ಹೋದ. ಸಂಜೆ ಬಂದಾಗ ‘ಹೇಗಾಯ್ತಪ್ಪ?’ ಅಂದೆ. ‘ನಿದ್ದೆ ಬಂತು ಸಾರ್’ ಅಂದ.

ಅವನು ಪಾಸಾಗಲಿಲ್ಲ. ಈಗ ಹೊಸ ಕಾನೂನಿನ ಪ್ರಕಾರ ಶೋಧ, ಜಪ್ತಿ ಎಲ್ಲ ವಿಡಿಯೊ ಮಾಡಬೇಕು, ಆ್ಯಪ್‌ಗೆ ಹಾಕಬೇಕು. ನಾನಿರುವವರೆಗೆ ನಮ್ಮ ಠಾಣೆಯಲ್ಲಿ ಅದನ್ನು ಸರಿಯಾಗಿ ಮಾಡಲು ಬರುತ್ತಿದ್ದದ್ದು ಅವನೊಬ್ಬನಿಗೆ. ಇನ್‌ಸ್ಪೆಕ್ಟರ್‌ಗೆ ಅವನು ಹೇಳಿಕೊಡುತ್ತಿದ್ದ. ಸೈಬರ್ ದೂರು ಬಂದರೆ ಬ್ಯಾಂಕಿಗೆ ಮೇಲ್ ಬರೆದು ಖಾತೆ ತಡೆಹಿಡಿಸುವವನು ಅವನು. ದೋಷಾರೋಪ ಪಟ್ಟಿಯಲ್ಲಿ ಅವನು ಸಾಕ್ಷಿಗಳ ಸಾಲಿನ ಕೊನೆಗೆ ಒಂದು ನಂಬರು. ಈ ಹುಡುಗನಿಗೆ ಹೆಡ್ ಕಾನ್‌ಸ್ಟೆಬಲ್ ಪಟ್ಟಿ ಬರುವುದು ಯಾವಾಗ? ನನ್ನ ಲೆಕ್ಕದಲ್ಲಿ 2033ಕ್ಕೂ ಮುಂಚೆ ಇಲ್ಲ.

ಇದೆಲ್ಲ ಹೊಸ ಮಾತೂ ಅಲ್ಲ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ 1979ರಲ್ಲಿ ಕೊಟ್ಟ ಮೊದಲ ವರದಿಯಲ್ಲೇ ಕಾನ್‌ಸ್ಟೆಬಲ್‌ಗಳ ಸಂಬಳ, ಮನೆ, ಅಹವಾಲು, ಬಡ್ತಿಯ ದಾರಿ ಎಲ್ಲ ಚರ್ಚೆಯಾಗಿದೆ. ನಾನಾಗ ಹೈಸ್ಕೂಲು ಹುಡುಗ. ನಮ್ಮ ರಾಜ್ಯದಲ್ಲಿ 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಅಂತ ಪೊಲೀಸರು ಹೊರಟಾಗ ಸರ್ಕಾರ ಬೆಚ್ಚಿತು. ಆಮೇಲೆ ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ಸಮಿತಿಯ ವರದಿ ಬಂತು, 2019ರಲ್ಲಿ ಸಂಬಳ ಪರಿಷ್ಕರಣೆಯೂ ಆಯಿತು. ಅದಕ್ಕೆ ಋಣಿ. ಆದರೆ ಸಂಬಳದ ಮಾತು ಬಂದಾಗಲೆಲ್ಲ ಹುದ್ದೆಯ ಮಾತು ಹಿಂದೆ ಸರಿಯುತ್ತದೆ. ನಿಜ ಹೇಳಬೇಕೆಂದರೆ 10 ವರ್ಷಕ್ಕೆ, 15 ವರ್ಷಕ್ಕೆ ಕಾಲಬದ್ಧ ಮುಂಬಡ್ತಿ ಅಂತ ಮೇಲಿನ ವೇತನ ಶ್ರೇಣಿಯ ದುಡ್ಡನ್ನು ಸರ್ಕಾರ ಈಗಾಗಲೇ ಕೊಡುತ್ತಿದೆ. ಖಜಾನೆಗೆ ಹೊರೆ ಅನ್ನುವ ಉತ್ತರ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ದುಡ್ಡು ಕೊಟ್ಟು, ಅಧಿಕಾರವನ್ನು ಮಾತ್ರ ಬೀರುವಿನಲ್ಲಿ ಇಟ್ಟುಕೊಂಡಿದ್ದೀರಿ.

ಪಕ್ಕದ ರಾಜ್ಯ ನೋಡಿ. ತಮಿಳುನಾಡಿನಲ್ಲಿ ಹುದ್ದೆ ಖಾಲಿಯಾಗಲಿ ಅಂತ ಕಾಯದೆ, ಸೇವೆಯ ವರ್ಷ ನೋಡಿ ಗ್ರೇಡ್ ಏರಿಸುತ್ತಾರೆ. ನಿಗದಿತ ವರ್ಷ ಸೇವೆ ಮುಗಿಸಿದ ಕಾನ್‌ಸ್ಟೆಬಲ್ ಸ್ಪೆಷಲ್ ಸಬ್ ಇನ್‌ಸ್ಪೆಕ್ಟರ್ ಆಗುವ ವ್ಯವಸ್ಥೆ ಅಲ್ಲಿ ಎಷ್ಟೋ ಕಾಲದಿಂದ ಇದೆ. ಕೇರಳದವರು ಕಾನ್‌ಸ್ಟೆಬಲ್ ಅನ್ನುವ ಹೆಸರನ್ನೇ ತೆಗೆದು ಸಿವಿಲ್ ಪೊಲೀಸ್ ಆಫೀಸರ್ ಅಂತ ಮಾಡಿದ್ದಾರೆ. ಅಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಆದರೆ ಮಾಡೋಕೆ ಆಗದ ಕೆಲಸ ಅಲ್ಲ ಅಂತಾದರೂ ಗೊತ್ತಾಗುತ್ತದೆ, ಅಲ್ವಾ?

ಈಗ ನಮ್ಮವರ ಬಗ್ಗೆಯೂ ಒಂದು ಮಾತು. ವರ್ಷ ತುಂಬಿತು ಅಂತ ಎಲ್ಲರಿಗೂ ಸ್ಟಾರ್ ಹಾಕಿ ಅಂತ ನಾನು ಕೇಳುತ್ತಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿಯೂ ಒಂದು ಮಹಜರು ಬರೆಯಲು ಬಾರದವರನ್ನು ನೋಡಿದ್ದೇನೆ. ಮಾಮೂಲಿಯ ಲೆಕ್ಕ ಬಾಯಿಪಾಠ ಇದ್ದವರನ್ನೂ ನೋಡಿದ್ದೇನೆ. ಸಮನ್ಸ್ ತಲುಪಿಸದೆ ‘ಬಾಗಿಲು ಹಾಕಿತ್ತು’ ಅಂತ ಷರಾ ಬರೆದು ಬರುವವರಿಗೆ ಠಾಣೆ ಕೊಟ್ಟರೆ ಜನ ಎಲ್ಲಿಗೆ ಹೋಗಬೇಕು? ಪರೀಕ್ಷೆ ಇಡಿ, ಕೆಲಸ ನೋಡಿ, ಬೀಟಿನ ಜನರನ್ನೂ ಕೇಳಿ. ನಾನು ಬೇಡ ಅನ್ನುವುದಿಲ್ಲ. ಆದರೆ ಯೋಗ್ಯನಾದವನಿಗೆ 40ರೊಳಗೆ ಕೊಡಿ.

ಮೇಲಿನವರ ವಿಷಯವನ್ನೂ ಬಿಡುವಂತಿಲ್ಲ. ಕೆಳಗಿನವನು ನಾಯಕತ್ವ ಕಲಿಯುವುದು ಮೇಲಿನವನನ್ನು ನೋಡಿ. ನಾನಿದ್ದ ಒಂದು ಠಾಣೆಗೆ ಆರು ವರ್ಷದಲ್ಲಿ ಏಳು ಇನ್‌ಸ್ಪೆಕ್ಟರ್‌ಗಳು ಬಂದರು. ಒಬ್ಬರು ಮೂರೇ ತಿಂಗಳು ಇದ್ದರು, ನಮ್ಮ ಹೆಸರುಗಳೂ ಅವರಿಗೆ ಪೂರ್ತಿ ಗೊತ್ತಾಗಿರಲಿಲ್ಲ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ ಅಂತ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್‌ನಲ್ಲೇ ಹೇಳಿತು. ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ ಇರಲಿ ಅಂತಲೂ ಹೇಳಿತು. ಆದರೂ ಠಾಣೆಯಲ್ಲಿ ಇವತ್ತಿಗೂ ಓಡುವ ಮಾತು ಒಂದೇ: ‘ಸಾಹೇಬ್ರು ಯಾರ ಮಿನಿಟ್ ತಂದಿದ್ದಾರಂತೆ?’ ಆ ಮಿನಿಟ್, ಅಂದರೆ ಶಾಸಕರ ಪತ್ರ, ಹಿಡಿದು ಬಂದವರು ಶಾಸಕರ ಮುಖ ನೋಡುತ್ತಾರೆ, ಸಿಬ್ಬಂದಿಯ ಮುಖ ನೋಡುವುದಿಲ್ಲ. ಅವರನ್ನೂ ಪೂರ್ತಿ ದೂರುವಂತಿಲ್ಲ. ಯಾವ ದಿನ ಎತ್ತಂಗಡಿಯೋ ಗೊತ್ತಿಲ್ಲದವನು ಹುಡುಗರನ್ನು ಬೆಳೆಸುವ ಗೋಜಿಗೆ ಯಾಕೆ ಹೋಗುತ್ತಾನೆ?

ಎರಡೂವರೆ ವರ್ಷ ಇದ್ದ ಒಬ್ಬ ಇನ್‌ಸ್ಪೆಕ್ಟರ್ ಮಾತ್ರ ಬೇರೆ ಥರ. 2017ರಲ್ಲಿ ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಒಂದೊಂದು ಏರಿಯಾ ವಹಿಸುವ ಸುಧಾರಿತ ಬೀಟ್ ವ್ಯವಸ್ಥೆ ಬಂದಾಗ, ಮಿಕ್ಕ ಕಡೆ ಅದು ಪುಸ್ತಕದಲ್ಲಿ ಸಹಿ ಹಾಕುವ ಕೆಲಸವಾಗಿತ್ತು. ಅವರು ಬೀಟ್ ಕಾನ್‌ಸ್ಟೆಬಲ್‌ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ‘ಇದು ನಿನ್ನ ಏರಿಯಾ, ನೀನು ಹೇಳು’ ಅನ್ನುತ್ತಿದ್ದರು. ದೂರುದಾರರ ಎದುರಿಗೇ. ಕುರ್ಚಿಯ ತುದಿಯಲ್ಲಿ ಕೂತು ಬೆವರುತ್ತಿದ್ದ ಹುಡುಗರು ಆರು ತಿಂಗಳಲ್ಲಿ ಬೆನ್ನು ಒರಗಿಸಿ ಮಾತಾಡುವುದು ಕಲಿತರು. ಅವರು ವರ್ಗವಾಗಿ ಹೋದ ಮರುದಿನ ಆ ಕುರ್ಚಿಯನ್ನು ಯಾರೋ ಹೊರಗಿಟ್ಟರು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತಲ್ಲ, ಆಗ ನನಗೆ ನೆನಪಾದದ್ದು ಆ ಕುರ್ಚಿ. ಮನೆಬಾಗಿಲಿಗೆ ಹೋಗಿ ಜನರ ಕಷ್ಟ ಕೇಳುವ ಕೆಲಸ ಕಾನ್‌ಸ್ಟೆಬಲ್‌ಗೆ ಕೊಟ್ಟಿದ್ದೀರಿ. ಕೇಳಿ ಬಂದ ಮೇಲೆ ಠಾಣೆಯಲ್ಲಿ ಅವನ ಮಾತು ಕೇಳುವವರು ಯಾರು?

ಹಾಗಾಗಿ ತಮ್ಮಲ್ಲಿ ನಾನು ಕೇಳುವುದು ಇಷ್ಟು. ಕಾನ್‌ಸ್ಟೆಬಲ್ ಆಗಿ ಸೇರಿದವನಿಗೆ ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ, ಪಿಎಸ್‌ಐ ಹುದ್ದೆಗೆ ಅರ್ಹತೆಯ ವರ್ಷ ನಿಗದಿ ಮಾಡಿ. ಆ ವರ್ಷ ಬಂದಾಗ ಪರೀಕ್ಷೆ ಮತ್ತು ಕೆಲಸ ನೋಡಿ ದರ್ಜೆ ಕೊಡಿ, ಖಾಲಿ ಹುದ್ದೆಗೆ ಕಾಯಿಸಬೇಡಿ. ಕಾಯಿಲೆ, ದಂಪತಿ ಪ್ರಕರಣ, ಚಿಕ್ಕ ಮಕ್ಕಳು ಇಂಥ ಕಾರಣಕ್ಕೆ ಘಟಕ ಬದಲಾಯಿಸಿದವರ ಹಳೇ ಸೇವೆಯಲ್ಲಿ ಸ್ವಲ್ಪವನ್ನಾದರೂ ಬಡ್ತಿಗೆ ಲೆಕ್ಕ ಹಿಡಿಯಿರಿ. ಪಿಎಸ್‌ಐ ಪರೀಕ್ಷೆ ಬರೆಯುವ ಸಿಬ್ಬಂದಿಗೆ ಓದುವ ರಜೆಯನ್ನು ಸಾಹೇಬರ ಮರ್ಜಿಗೆ ಬಿಡದೆ ಹಕ್ಕು ಅಂತ ಮಾಡಿ. ಪರೀಕ್ಷೆಯ ಹಿಂದಿನ ರಾತ್ರಿ ಡ್ಯೂಟಿ ಹಾಕಬೇಡಿ. ಇದಕ್ಕೆ ಕಾನೂನು ತಿದ್ದಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಅಕ್ರಮದಿಂದ ಹಾಳಾದ ಎರಡು ವರ್ಷ ಆ ಹುಡುಗರ ತಪ್ಪಲ್ಲ. ಅವರ ವಯೋಮಿತಿಯಲ್ಲಿ ಆ ಎರಡು ವರ್ಷ ಬಿಟ್ಟುಕೊಡಿ. ರಾತ್ರಿ ಠಾಣೆಯ ಹೊಣೆ ಹೊರುವ ಪ್ರತಿ ಹೆಡ್ ಕಾನ್‌ಸ್ಟೆಬಲ್‌ಗೆ ಆ ಕೆಲಸದ ತರಬೇತಿ ಕೊಡಿಸಿ, ಪರೇಡ್ ಕಡಿಮೆಯಾದರೂ ಪರವಾಗಿಲ್ಲ. ಅವನು ಹೊಣೆ ಹೊತ್ತ ರಾತ್ರಿಗಳಲ್ಲಿ ಮಾಡಿದ ಒಳ್ಳೆಯ ಕೆಲಸವನ್ನು ಅವನ ಹೆಸರಿನಲ್ಲೇ ಸರ್ವಿಸ್ ರಿಜಿಸ್ಟರಿನಲ್ಲಿ ಬರೆಸಿ. ತಪ್ಪು ಮಾಡಿದಾಗ ಹೇಗೂ ಅವನ ಹೆಸರೇ ಬರೆಯುತ್ತೀರಲ್ಲ.

ಇವಕ್ಕೆಲ್ಲ ಸಮಿತಿ ಬೇಕು, ಸಮಯ ಬೇಕು ಅಂದರೆ ಒಪ್ಪುತ್ತೇನೆ. ಅಲ್ಲಿಯವರೆಗೆ ಒಂದು ಕೆಲಸ ಈ ತಿಂಗಳೇ ಮಾಡಬಹುದು. ಆರು ಕಮಿಷನರೇಟ್‌ಗಳಲ್ಲಿ ಮುಂದಿನ ಒಂದು ವರ್ಷದಲ್ಲಿ ನಿವೃತ್ತರಾಗುವ ಪಿಎಸ್‌ಐ, ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್‌ಗಳ ಹೆಸರು ಮತ್ತು ದಿನಾಂಕ ಒಂದು ಹಾಳೆಯಲ್ಲಿ. ಆ ಜಾಗಕ್ಕೆ ಸಾಲಿನಲ್ಲಿರುವವರ ಹೆಸರು ಪಕ್ಕದ ಹಾಳೆಯಲ್ಲಿ. ಎರಡನ್ನೂ ಪ್ರತಿ ಠಾಣೆಯ ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿ. ನಿವೃತ್ತಿಯ ಮರುದಿನ ಬೆಳಿಗ್ಗೆ ಎರಡನೇ ಹಾಳೆಯವನ ಕೈಗೆ ಆದೇಶ ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಆ ಘಟಕದ ಕಮಿಷನರ್ ತಮಗೆ ಲಿಖಿತವಾಗಿ ತಿಳಿಸಲಿ.

ಆ ಬಿಎಸ್‌ಸಿ ಹುಡುಗನ ಹೆಸರು ಎರಡನೇ ಹಾಳೆಯಲ್ಲಿ ಇರುವುದಿಲ್ಲ, ಅವನಿನ್ನೂ ಬಹಳ ಕೆಳಗಿದ್ದಾನೆ. ಆದರೆ ಡ್ಯೂಟಿಗೆ ಬಂದಾಗಲೆಲ್ಲ ತನ್ನ ಮುಂದೆ ಎಷ್ಟು ಜನ ಇದ್ದಾರೆ ಅಂತ ಅವನು ಎಣಿಸಿಕೊಳ್ಳಬಹುದು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಎಸ್‌ಐ
(36 ವರ್ಷ ಸೇವೆ: ಕಾನ್‌ಸ್ಟೆಬಲ್ ಆಗಿ 21, ಹೆಡ್ ಕಾನ್‌ಸ್ಟೆಬಲ್ ಆಗಿ 15, ಎಎಸ್‌ಐ ಆಗಿ 10 ತಿಂಗಳು)